ಇಲಿಗೆ ಹಾಕುವ ಚಿನ್ನ

ಮೊನ್ನೆ ತಂಗಿಯ ಮಗುವಿಗೆ ನಾಮಕರಣ. ಅಮ್ಮ ಕಲ್ಲಿನ ಮೇಲೆ ಬಜೆ ತೇಯತೊಡಗಿದಾಗ ಆ ಘಾಟು ಮೂಗಿಗೆ ಬಡಿದು, ನಾನು ಎದ್ದು ಹೊರಗೆ ಬಂದುಬಿಟ್ಟೆ. ಕೊಯಮತ್ತೂರಿನ ಓನರಮ್ಮ ಕಣ್ಣಮುಂದೆ ನಿಂತಿದ್ದರು...

ಎರಡು ಸಾವಿರದ ದಶಕದ ಕೊನೆಯ ವರ್ಷಗಳು. ಸಂಶೋಧನೆಗೆಂದು ಮೈಸೂರಿನಿಂದ ಹೋದ ನಾನು ಅಲ್ಲಿನ ಗಣಪತಿ ಎಂಬ ಬಡಾವಣೆಯಲ್ಲಿ ಅವರ ಮನೆಯ ಮಹಡಿಯ ಕೋಣೆ ಹಿಡಿದಿದ್ದೆ. ಕೆಳಗೆ ಅವರ ಮಗ್ಗ, ಎದುರಿಗೆ ಪಂಪಿನ ವರ್ಕ್‌ಶಾಪು, ಗದ್ದಲಕ್ಕೆ ಬರವಿರಲಿಲ್ಲ. ತಲೆಮಾರುಗಳಿಂದ ಅಲ್ಲೇ ನೆಲೆಸಿದ ಕನ್ನಡದ ನೇಕಾರರು. ಅವರ ಕನ್ನಡದಲ್ಲಿ ಅರ್ಧ ತಮಿಳು. ನಾನು ಬಾಯಿಬಿಟ್ಟರೆ "ರೇಡಿಯೋ ತರ ಪೇಸ್ತೀಯ" ಎಂದು ನಗುತ್ತಿದ್ದರು; ಮುದ್ದಿನಿಂದ "ಕಣ್ಣು" ಎಂದು ಕರೆಯುತ್ತಿದ್ದರು.

ಅವರ ಎದೆಯ ಕ್ಯಾನ್ಸರ್ ಶ್ವಾಸಕೋಶಕ್ಕೂ ಹರಡಿ ರೇಡಿಯೇಷನ್ ಶುರುವಾಗಿತ್ತು. ನನ್ನ ಕೆಲಸವೂ ಅದೇ ದಾರಿಯದು. ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳನ್ನು ಗಡ್ಡೆಯೊಳಗೆ ಸೇರಿಸಿದರೆ ಕಿರಣದ ಪೆಟ್ಟು ಅಲ್ಲೇ ಜೋರಾಗಿ ಬೀಳುತ್ತದೆ. ಆಗ ಮೈಯ ಕಾವಲುಪಡೆಯೂ ಎಚ್ಚೆತ್ತು ಬೇರೆಡೆಯ ಗಡ್ಡೆಗಳನ್ನು ಬೆನ್ನಟ್ಟಬಹುದೆಂಬ ಆಸೆ ನಮ್ಮದು. ಎಲ್ಲವೂ ಇಲಿಗಳ ಮೇಲೆ. ಏನು ಓದುತ್ತೀಯ ಎಂದು ಅವರು ಕೇಳಿದಾಗ ಇಷ್ಟನ್ನೇ ಹೇಳಿದ್ದೆ.

ಮರುದಿನ ಕೆಳಗಿಳಿದರೆ, ಓನರಮ್ಮ ಹಸುಗೂಸಿಗೆ ತೇಯುವ ಹಾಗೆ ಬಜೆಯ ಜೊತೆ ತಮ್ಮ ತಾಳಿಯ ಗುಂಡನ್ನೇ ಕಲ್ಲಿಗೆ ಉಜ್ಜಿ, ಜೇನು ಬೆರೆಸಿ ನೆಕ್ಕುತ್ತಿದ್ದಾರೆ! ಆಮೇಲೆ ಆಸ್ಪತ್ರೆಗೆ ಹೊರಡುವ ತಯಾರಿ. ನನಗೆ ನಗುವೂ ಬಂತು, ಸಂಕಟವೂ ಆಯಿತು. ಈ ಚಿನ್ನ ಗಡ್ಡೆಯವರೆಗೆ ಹೋಗುವುದಿಲ್ಲ ಎಂದೆ.

"ಆಗ ನಿನ್ನ ಚಿನ್ನ ಕೊಡು, ಕಣ್ಣು."

"ಅದನ್ನ ಇನ್ನೂ ಮನುಷ್ಯರಿಗೆ ಕೊಡೋ ಹಾಗಿಲ್ಲಮ್ಮ."

ಅವರು ಕಲ್ಲನ್ನು ಪಕ್ಕಕ್ಕಿಟ್ಟು, ಸೂಜಿ ಚುಚ್ಚಿಸಿಕೊಳ್ಳುವವರಂತೆ ತೋಳು ಚಾಚಿದರು. "ಇಲಿಗೆ ಹಾಕೋ ಊಸಿ ನನಗೂ ಹಾಕು. ನಾನೂ ಒಂದು ಇಲಿ ಅಂತ ನೆನೆಚ್ಕೋ."

ಅಂದಿನಿಂದ ನನ್ನ ಕಾಲು ಒಂದು ಕಡೆ ನಿಲ್ಲಲಿಲ್ಲ. ಲ್ಯಾಬಿಗೆ ಓಡುವುದು, ದ್ರಾವಣ ಕುದಿಸುವುದು. ಕೆಂಪಗೆ ಉಳಿಯಬೇಕಾದದ್ದು ನೀಲಿಗೆ ತಿರುಗಿದರೆ ಕಣಗಳು ಗಂಟುಕಟ್ಟಿದವೆಂದು ಅರ್ಥ; ಚೆಲ್ಲಿ ಮತ್ತೆ ಶುರು. ಗೈಡು "ಏನವಸರ?" ಎಂದರೆ ಮೈಯೆಲ್ಲ ಉರಿಯುತ್ತಿತ್ತು. ಸಂಜೆ ಮನೆಗೆ ಬಂದರೆ ಓನರಮ್ಮ ಮೆಟ್ಟಿಲಲ್ಲಿ ಕುಳಿತು, ಏದುಸಿರಿನಲ್ಲೇ, "ಇಲಿ ಎಂಗದೆ?" ಎಂದು ಕೇಳುತ್ತಿದ್ದರು. ತಮ್ಮ ನೋವಿನ ಬಗ್ಗೆ ಒಂದು ಮಾತಿಲ್ಲ.

ಒಂದು ಸಂಜೆ, ಒಂದು ಇಲಿಯ ಗಡ್ಡೆ ಕುಗ್ಗಿದೆ ಎಂದೆ. ನಿಜಕ್ಕೂ ಕುಗ್ಗಿತ್ತು.

"ಅದಾದರೂ ಬದುಕ್ಲಿ" ಎಂದರು.

ಪರೀಕ್ಷೆ ಮುಗಿದ ಮೇಲೆ ಆ ಇಲಿಯನ್ನೂ ಕೊಲ್ಲುತ್ತೇವೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ... ಪೊಂಗಲ್‌ಗೆ ಮೊದಲೇ ಅವರು ಹೋಗಿಬಿಟ್ಟರು.

ಇಂಥ ಕಣಗಳನ್ನು ಈಗ ಮನುಷ್ಯರ ಮೇಲೂ ಪರೀಕ್ಷಿಸುತ್ತಿದ್ದಾರೆ. ಸಭೆಗಳಲ್ಲಿ "ರೋಗಿಗಳು ಇದಕ್ಕೆಲ್ಲ ಒಪ್ಪುತ್ತಾರೆಯೇ?" ಎಂದು ಯಾರಾದರೂ ಅನುಮಾನಪಟ್ಟರೆ ನನಗೆ ಕುರ್ಚಿಯಲ್ಲಿ ಕೂರಲಾಗುವುದಿಲ್ಲ. ಒಬ್ಬರು ಒಪ್ಪಿದ್ದರು. ಕೊಡಲು ಆಗ ನಮ್ಮ ಕೈಯಲ್ಲಿ ಏನೂ ಇರಲಿಲ್ಲ.