ಏನೂ ಆಗಿಲ್ಲ ಅಂದಿದ್ದ ಅತ್ತೆ

ನಮ್ಮ ಅತ್ತೆಯ ಬಾಯಲ್ಲಿ ಕಾಯಿಲೆಯ ಸುದ್ದಿ ಬರುವುದೇ ಇಲ್ಲ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದು ಮೈ ಕೆಂಡವಾಗಿದ್ದರೂ, ನೋಡಲು ಬಂದವರಿಗೆ "ಏನೂ ಆಗಿಲ್ಲ, ಚೆನ್ನಾಗವ್ರೆ" ಎಂದೇ ಹೇಳುತ್ತಾರೆ. ಕಾಯಿಲೆಯ ಹೆಸರು ಎತ್ತಿದರೆ ಅದು ಮನೆಯಲ್ಲೇ ಚಾಪೆ ಹಾಸಿಕೊಂಡು ಕೂರುತ್ತದಂತೆ. ನಮ್ಮ ಕಡೆಯ ಹಿರಿಯ ಹೆಂಗಸರು ಬಹುಪಾಲು ಹೀಗೆಯೇ, ನಾನೂ ಇದನ್ನು ನೋಡಿ ನಗುತ್ತಿದ್ದವಳೇ. ಅದೇ ಮಾತು ಒಂದು ದಿನ ಕೋರ್ಟಿನಲ್ಲಿ ನನಗೇ ತಿರುಗಿಬಿತ್ತು.

ಬೇಲೂರಿನಲ್ಲಿ ಒಂದು ಮದುವೆಯಿತ್ತು. ಅರಸೀಕೆರೆಯಿಂದ ನೆಂಟರೆಲ್ಲ ಸೇರಿ ವ್ಯಾನ್ ಮಾಡಿಕೊಂಡು ಹೊರಟಿದ್ದರು. ನಮ್ಮ ಮನೆಯಿಂದ ನಾನೊಬ್ಬಳೇ. ಹಳೇಬೀಡು ದಾಟಿದ ಮೇಲೆ ಒಂದು ತಿರುವಿನಲ್ಲಿ ಎದುರಿಂದ ಬಂದ ಟಿಪ್ಪರ್ ಗುದ್ದಿ ನಮ್ಮ ವ್ಯಾನು ಮಗ್ಗುಲಿಗೆ ಉರುಳಿತು. ಕೆಲವರ ಕೈಕಾಲು ಮುರಿಯಿತು, ಯಾರ ಪ್ರಾಣವೂ ಹೋಗಲಿಲ್ಲ. ನನಗೆ ಮೊಣಕೈ ತರಚಿತ್ತು, ಅಷ್ಟೇ. ಆದರೆ ವ್ಯಾನಿನ ಹಾರ್ನ್ ಸಿಕ್ಕಿಹಾಕಿಕೊಂಡು ಒಂದೇ ಸಮನೆ ಬಡಿದುಕೊಳ್ಳತೊಡಗಿತು. ಯಾರೋ ಬಂದು ವೈರ್ ಕೀಳುವವರೆಗೂ ನಾನು ಮೇಲೆ ಬಿದ್ದವರ ಅಡಿಯಲ್ಲಿ ಸಿಕ್ಕಿಕೊಂಡು ಆ ಸದ್ದು ಕೇಳುತ್ತ ಬಿದ್ದಿದ್ದೆ.

ಮಾರನೆಯ ದಿನ ಹೇಳಿಕೆ ಪಡೆಯಲು ಪೊಲೀಸರು ಮನೆಗೆ ಬಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕಾಫಿ ಲೋಟ ಹಿಡಿದು ಮುಂದೆ ಬಂದರು. "ನಮ್ಮ ಸೊಸೇಗೆ ಏನೂ ಆಗಿಲ್ಲ ಸಾರ್. ಕೂದ್ಲೂ ಕೊಂಕಿಲ್ಲ. ಮಾಲೇಕಲ್ಲು ದೇವ್ರು ಕಾಪಾಡ್ದ, ಬೆಟ್ಟ ಹತ್ತಿ ಹರಕೆ ತೀರಿಸ್ಬೇಕು." ಅವರು ಹಾಗೆಯೇ ಬರೆದುಕೊಂಡರು. ನಾನೂ ತಲೆಯಾಡಿಸಿದೆ. ಅತ್ತೆಗೆ ಎದುರು ಮಾತಾಡುವ ಶಕ್ತಿ ನನಗೆ ಬೇಕಾದಷ್ಟಿದೆ, ಆವತ್ತೊಂದು ದಿನ ಮಾತ್ರ ಇರಲಿಲ್ಲ.

ನಾನು ಹಳೇಬೀಡಿನ ಶಾಲೆಯೊಂದರಲ್ಲಿ ಟೀಚರ್. ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದವಳು. ಕೆಲಸಕ್ಕೆ ಮರಳಬೇಕಾದ ದಿನ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟೆ, ಡ್ರೈವರ್ ಹಾರ್ನ್ ಒತ್ತಿದ. ಆಮೇಲೆ ನೋಡಿಕೊಂಡರೆ ಹಣ್ಣಿನಂಗಡಿಯ ಹಿಂದೆ ಕುಕ್ಕರಗಾಲಿನಲ್ಲಿ ಕೂತು ನಡುಗುತ್ತಿದ್ದೆ. ಅಂದಿನಿಂದ ಬಸ್ಸು, ಆಟೋ ಯಾವುದನ್ನೂ ಹತ್ತಲಾಗಲಿಲ್ಲ. ರಸ್ತೆ ಕಡೆಯ ಕೋಣೆ ಬಿಟ್ಟು ಒಳಗೆ ಅತ್ತೆಯ ಪಕ್ಕದಲ್ಲಿ ಮಲಗತೊಡಗಿದೆ. ವಿಚಿತ್ರವೆಂದರೆ, ಸ್ಟೇಷನ್ನಿನಲ್ಲಿ ರೈಲು ಎಷ್ಟು ಕೂಗಿದರೂ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಆದರೆ ಹಾಳಾದ ಹಳೇಬೀಡಿಗೆ ರೈಲಿಲ್ಲವಲ್ಲ! ಇದ್ದ ರಜೆಯೆಲ್ಲ ಮುಗಿದು ಸಂಬಳವಿಲ್ಲದ ರಜೆ ಶುರುವಾಯಿತು.

ಕೊನೆಗೆ ನನ್ನ ಗಂಡ ವಕೀಲರೊಬ್ಬರನ್ನು ಕಂಡರು. "ಮೂಳೆ ಮುರಿದಿದ್ರೆ ಎಕ್ಸ್‌ರೇ ತೋರಿಸಬಹುದಿತ್ತು ಮೇಡಂ," ಎಂದರು ವಕೀಲರು. "ಮನಸ್ಸಿಗಾದ ಪೆಟ್ಟಿಗೂ ಪರಿಹಾರ ಕೇಳಬಹುದು. ಆದ್ರೆ ಡಾಕ್ಟ್ರು ಹೇಳ್ಬೇಕು, ನೋಡಿದೋರು ಹೇಳ್ಬೇಕು." ರೈಲಿನಲ್ಲಿ ಹಾಸನಕ್ಕೆ ಹೋಗಿ ಮನೋವೈದ್ಯರಿಗೆ ತೋರಿಸಿದೆ. ನನಗಾಗಿರುವುದಕ್ಕೆ ಹೆಸರಿದೆ, ಔಷಧವೂ ಇದೆ ಎಂದು ಅವರು ಹೇಳಿದಾಗ ಅರ್ಧ ಹಗುರಾದೆ. ಅತ್ತೆ ಮಾತ್ರ ಪಕ್ಕದ ಮನೆಯವರಿಗೆ "ಹಾಸನಕ್ಕೆ ಕಣ್ಣು ತೋರ್ಸಾಕೆ ಹೋಗವ್ಳೆ" ಎಂದಿದ್ದರು.

ಅರಸೀಕೆರೆಯ ಕೋರ್ಟಿನಲ್ಲಿ ಕೇಸು ನಡೆಯಿತು. ವಿಮಾ ಕಂಪನಿಯ ವಕೀಲರು ಪೊಲೀಸರು ಬರೆದುಕೊಂಡಿದ್ದನ್ನು ಓದಿದರು. "ಏನೂ ಆಗಿಲ್ಲ ಅಂತ ಮಾರನೇ ದಿನವೇ ಹೇಳಿದ್ದೀರಿ. ಆಮೇಲೆ ಹರಕೆ ತೀರಿಸೋಕೆ ಮಾಲೇಕಲ್ಲು ಬೆಟ್ಟ ಹತ್ತಿದ್ದೀರಿ. ಪರಿಹಾರದ ಆಸೆಗೆ ಸುಳ್ಳು ಕಾಯಿಲೆ ಹೇಳ್ತಿದ್ದೀರಿ ಅಂದ್ರೆ ಸರಿನಾ?"

"ಸರಿಯಲ್ಲ" ಎಂದೆ. ಪರಿಹಾರ ಸಿಗದಿದ್ದರೆ ಕತ್ತೆಬಾಲ. ಸುಳ್ಳು ಹೇಳಬೇಡಿ ಎಂದು ಮಕ್ಕಳ ಕಿವಿ ಹಿಂಡುವವಳನ್ನು ಕೋರ್ಟೇ ಸುಳ್ಳುಗಾತಿ ಎಂದುಬಿಟ್ಟರೆ ನಾನು ಯಾವ ಮುಖ ಹೊತ್ತು ಶಾಲೆಗೆ ಹೋಗಲಿ?

ಅತ್ತೆಯನ್ನು ಸಾಕ್ಷಿಗೆ ಕರೆಸೋಣ ಎಂದು ನಮ್ಮ ವಕೀಲರು ಹೇಳಿದರು. ಅತ್ತೆ ಸುತರಾಂ ಒಪ್ಪಲಿಲ್ಲ. "ಮನೆ ಮಾತ್ನ ಕೋರ್ಟ್ನಾಗೆ ಆಡ್ಲಾ?"

"ನೀವು ಏನೂ ಆಗಿಲ್ಲ ಅಂದಿದ್ದಕ್ಕೇ ಅತ್ತೆ, ಇವತ್ತು ನಾನು ಕಳ್ಳಿ ಆಗಿರೋದು!" ಎಂದು ರೇಗಿದೆ. ಅವರು ಅವರೆಕಾಯಿ ಸುಲಿಯುತ್ತ ಕೂತರು. ಸಾಕ್ಷಿಯ ದಿನ ಬೆಳಿಗ್ಗೆ ನೋಡಿದರೆ, ರೇಷ್ಮೆ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದರು.

ಕಂಪನಿಯ ವಕೀಲರು ನಗುನಗುತ್ತಲೇ ಕೇಳಿದರು: "ಏನಮ್ಮ, ಸೊಸೆಗೆ ಏನೂ ಆಗಿಲ್ಲ ಅಂತ ನೀವೇ ಹೇಳಿದ್ರಿ ತಾನೆ?"

"ಹೂಂ ಸ್ವಾಮಿ, ಹೇಳಿದ್ದೆ. ಬಂದೋರ್ಗೆ ಹಂಗೇ ಅನ್ನೋದು. ನಿಮ್ಮವ್ವ ಅನ್ನಾಕಿಲ್ವಾ?"

ಕೂತಿದ್ದವರೆಲ್ಲ ನಕ್ಕರು. ನ್ಯಾಯಾಧೀಶರೂ ನಗು ಮರೆಸಲು ಮುಖ ತಗ್ಗಿಸಿದರು. ವಕೀಲರು ಬಿಡಲಿಲ್ಲ. "ಅಷ್ಟು ಹೆದರಿದ್ದೋರು ಬೆಟ್ಟ ಹೆಂಗೆ ಹತ್ತಿದ್ರು?"

"ಹತ್ತಿದ್ಲು. ಆಟೋ ಹತ್ತಾಕಿಲ್ಲ ಅಂದ್ಲು, ಅದ್ಕೇ ಮನೆಯಿಂದ ಬೆಟ್ಟದ ತಂಕ ನಡ್ಕಂಡೇ ಹೋದೋ. ಲಾರಿ ಬಂದಾಗೆಲ್ಲ ರೋಡ್ ಬಿಟ್ಟು ತೆಂಗಿನ ತೋಟದೊಳೀಕೆ ಓಡೋಳು. ಕೈ ಹಿಡ್ಕಂಡು ಕರ್ಕಂಡ್ ಬರ್ತಿದ್ದೆ." ಅತ್ತೆ ನ್ಯಾಯಾಧೀಶರ ಕಡೆ ತಿರುಗಿದರು. "ನಿದ್ದೇಲಿ ಹಾರ್ನು ನಿಲ್ಸಿ, ನಿಲ್ಸಿ ಅಂತ ಕಿರುಚ್ತಾಳೆ ಸ್ವಾಮಿ. ಅವ್ಳ ಕಿವಿ ಎರಡೂ ಮುಚ್ಕಂಡು ಕೂತಿರ್ತೀನಿ, ಸುಮ್ಕಾಗೋ ತಂಕ. ಬೆಳಿಗ್ಗೆದ್ದು ಅವ್ಳಿಗೂ ಏನೂ ಆಗಿಲ್ಲ ಅಂತೀನಿ. ಆಗೈತೆ ಸ್ವಾಮಿ. ನಮ್ಮ ಹುಡ್ಗೀಗೆ ಆಗೈತೆ."

ಕಿವಿ ಮುಚ್ಚಿ ಕೂರುತ್ತಿದ್ದ ಸಂಗತಿ ನನಗೆ ಗೊತ್ತೇ ಇರಲಿಲ್ಲ. ಕೋರ್ಟು ಎನ್ನುವುದನ್ನೂ ಮರೆತು ಅತ್ತುಬಿಟ್ಟೆ. ಕಂಪನಿಯ ವಕೀಲರು ಫೈಲು ಮಡಚಿ ಕೂತರು.

ಕೆಲವು ತಿಂಗಳ ನಂತರ ತೀರ್ಪು ಬಂತು. ಮಾನಸಿಕ ಯಾತನೆಗೆಂದು ಪರಿಹಾರವನ್ನು ಬೇರೆಯಾಗಿಯೇ ಕೊಟ್ಟಿದ್ದರು. ನನ್ನ ಮಾತನ್ನೂ ಅತ್ತೆಯ ಮಾತನ್ನೂ ನಂಬಬಹುದು ಎಂದಿದ್ದರು. ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಚಿಕಿತ್ಸೆ ಈಗಲೂ ನಡೆದಿದೆ. ಗಂಡ ಪಕ್ಕದಲ್ಲಿದ್ದರೆ ಜಾವಗಲ್‌ವರೆಗೆ ಬಸ್ಸಿನಲ್ಲಿ ಹೋಗುತ್ತೇನೆ. ಅಲ್ಲಿಂದ ಹಳೇಬೀಡು ದೂರವೇನಲ್ಲ.

ತೀರ್ಪಿನ ದಿನ ವಕೀಲರು, "ಕಂಪನಿಯವರು ಹೈಕೋರ್ಟಿಗೆ ಹೋದ್ರೂ ಹೋಗಬಹುದು" ಎಂದು ಎಚ್ಚರಿಸಿದರು.

"ಹೋಗ್ಲಿ ಬಿಡಿ," ಎಂದರು ಅತ್ತೆ. "ಅಲ್ಲೂ ಬಂದು ಹೇಳ್ತೀನಿ."

ಅಲ್ಲಿ ಸಾಕ್ಷಿಗಳನ್ನು ಕರೆಸುವುದಿಲ್ಲ ಎಂದು ತಿಳಿದಾಗ ಅವರಿಗೆ ನಿಜಕ್ಕೂ ಬೇಜಾರಾಯಿತು. ಆ ಬೇಜಾರು ಕಂಡು ನನಗಾದಷ್ಟು ಸಮಾಧಾನ ತೀರ್ಪು ಕೇಳಿದಾಗಲೂ ಆಗಿರಲಿಲ್ಲ.