ಕೆರೆಗೆ ಒಂದು ಗಂಟೆಯ ದಾರಿ

ಇವತ್ತು ಬೆಳಿಗ್ಗೆ ಟ್ರಂಕಿನಿಂದ ಸೀರೆ ತೆಗೆಯುವಾಗ ವಿಭೂತಿಯ ವಾಸನೆ ಬಂತು. ನನ್ನ ಸೋದರತ್ತೆ ಸೀರೆಯ ಮಡಿಕೆಯೊಳಗೆ ಒಂದು ಗಟ್ಟಿ ಇಟ್ಟು ಕಳಿಸಿದ್ದಾರೆ. ಕೊಳ್ಳೇಗಾಲದ ಅಂಗಡಿಯ ವಿಭೂತಿ ಸರಿಯಿಲ್ಲ ಎಂಬುದು ಅವರ ಮತ. ಇಲ್ಲಿನ ಇನ್ನೂ ಕೆಲವು ವಸ್ತುಗಳ ಬಗ್ಗೆ ಅವರಿಗೆ ಇದೇ ಮತವಿದೆ.

ನಮ್ಮ ಯಳಂದೂರಿನಿಂದ ಇಲ್ಲಿಗೆ ಹತ್ತು ಮೈಲಿ. ಆದರೆ ಅದು ಮೈಸೂರು ಸಂಸ್ಥಾನದ್ದು, ಇದು ಮದರಾಸು ಪ್ರಾಂತದ್ದು. ಇಲ್ಲಿನ ಹೆಣ್ಣುಮಕ್ಕಳ ಶಾಲೆಯಿಂದ ನನಗೆ ನೇಮಕದ ಕಾಗದ ಬಂದಾಗ, ಹಡಗು ಹತ್ತಿ ಹೋಗುವ ಊರಿನಿಂದ ಬಂದದ್ದೇನೋ ಎಂಬಂತೆ ಅಪ್ಪ ಅದನ್ನು ಎರಡು ಸಲ ಓದಿದರು. ಮಗಳು ಒಬ್ಬಳೇ ಕೋಣೆ ಹಿಡಿದು ಇರಬಹುದೋ ಬೇಡವೋ, ಮುಳ್ಳೂರಿನ ತಮ್ಮ ಅಕ್ಕ ಬಂದು ಹೇಳಲಿ ಎಂದರು. ಮುಳ್ಳೂರೂ ಮದರಾಸಿಗೇ ಸೇರಿದ್ದು ಎಂದು ನಾನು ನೆನಪಿಸಲಿಲ್ಲ.

ಅತ್ತೆ ಬಂದರು. ಆ ವಾರ ನಾನು ಬಿಳಿಗಿರಿರಂಗನ ಬೆಟ್ಟದ ಮೇಲಿನ ಒಂದು ಕೆರೆ ನೋಡಲು ಹೊರಟಿದ್ದೆ. ಕಾಲೇಜಿನ ನಕಾಶೆಯಲ್ಲಿ ಅದೊಂದು ನೀಲಿ ಚುಕ್ಕೆ. ಇಷ್ಟು ಹತ್ತಿರವಿದ್ದೂ ನೋಡಿಲ್ಲವಲ್ಲ ಎಂದು ಬಹಳ ದಿನದಿಂದ ಕೊರಗುತ್ತಿದ್ದೆ.

"ನಾನೂ ಬತ್ತೀನಿ," ಎಂದರು ಅತ್ತೆ. "ನೀ ಒಬ್ಳೇ ಎಂಗಿರ್ತೀಯ ಅನ್ನದ ನಾನೂ ನೋಡಬೇಕಲ್ಲ."

ಒಬ್ಬಳೇ ಇರುವುದನ್ನು ಜೊತೆಗಿದ್ದು ನೋಡುವುದು ಹೇಗೆ ಎಂದು ಕೇಳಬಹುದಿತ್ತು.

ಬೆಟ್ಟದ ಗುಡಿಯ ಹತ್ತಿರ, ಗುರುತಿನವರ ಮನೆಯಲ್ಲಿ ತಂಗಿದೆವು. ದಾರಿ ತೋರಿಸಲು ಜಡೆಯ ಎಂಬ ಸೋಲಿಗ ಮುದುಕ ಬಂದ. ಬೆಳಕು ಹರಿಯುವಾಗಲೇ ಹೊರಡಬೇಕು ಎಂದ. ತೊಡಕೆಂದರೆ, ಅತ್ತೆ ಮಿಂದು ಲಿಂಗಪೂಜೆ ಮಾಡದೆ ಗುಟುಕು ನೀರೂ ಕುಡಿಯುವವರಲ್ಲ. ಅವರ ಪೂಜೆ ಮುಗಿಯುವ ಹೊತ್ತಿಗೆ ಬಿಸಿಲೇರುತ್ತದೆ.

"ಕೆರೆ ಒಂದು ಗಂಟೆ ದಾರಿ ಅತ್ತೆ. ಅಲ್ಲೇ ಮಿಂದು ಪೂಜೆ ಮಾಡಬಹುದು," ಎಂದೆ. ಐದು ಗಂಟೆಯೆಂದು ನನಗೆ ಗೊತ್ತಿತ್ತು. ಅತ್ತೆಗೆ ಸಂತೋಷವಾಯಿತು.

ಮೊದಲ ಏರಿನಲ್ಲಿ ನಾನು ಬಾಟಲಿಗೆ ಬಾಯಿ ಹಚ್ಚಿ ನೀರು ಕುಡಿದೆ. ಎತ್ತಿ ಕುಡಿಯುವುದು ಮನೆಯ ಪದ್ಧತಿ. ಪದವಿ ಓದುವಾಗ ಬಿಟ್ಟುಹೋಗಿತ್ತು.

ಕಾಡು ಮುಗಿದು ಹುಲ್ಲಿನ ಬೋರೆಗುಡ್ಡ ಬಂತು. ಅತ್ತೆ ಕೇಳಿದಾಗಲೆಲ್ಲ ಜಡೆಯ, "ಇಲ್ಲೇ ಕಣವ್ವ, ಒಂದ್ ಕೂಗಳತೆ," ಎನ್ನುತ್ತಿದ್ದ. ಅವನ ಕೂಗು ಎರಡು ಬೆಟ್ಟ ದಾಟುವಂಥದ್ದು. ಎರಡೂವರೆ ಗಂಟೆಯಾದ ಮೇಲೆ ಅತ್ತೆ ಮಾತು ನಿಲ್ಲಿಸಿದರು. ತುಟಿ ಒಣಗಿತ್ತು.

"ಬಾಟ್ಲೀಲಿ ನೀರದಲ್ಲವ್ವ, ಅದ್ರಲ್ಲೇ ಪೂಜೆ ಮಾಡ್ಕಂಡು ಕುಡಿ," ಎಂದ ಜಡೆಯ.

"ಅದ್ಕೆ ಇವ್ಳು ಬಾಯಾಕವಳೆ," ಎಂದರು ಅತ್ತೆ. ಅವರು ನೋಡಿದ್ದು ನನಗೆ ತಿಳಿದಿರಲಿಲ್ಲ.

ಇನ್ನು ಸುಮ್ಮನಿರಲು ಆಗಲಿಲ್ಲ. "ಅತ್ತೆ, ಅರ್ಧ ದಾರಿ ಇನ್ನೂ ಇದೆ. ನನಗೆ ಮೊದಲೇ ಗೊತ್ತಿತ್ತು. ಸುಳ್ಳು ಹೇಳಿದೆ. ವಾಪಸು ಹೋಗೋಣ." ಹೇಳುತ್ತಿರುವಂತೆಯೇ ಶಾಲೆಯ ಕೆಲಸ ಹೋಯಿತು ಎಂದುಕೊಂಡೆ.

ಅತ್ತೆ ಕಲ್ಲಿನ ಮೇಲೆ ಕೂತು ಕಾಲು ನೀವಿಕೊಂಡರು. ಆಮೇಲೆ ಎದ್ದು, "ಜಡೆಯಾ, ಎತ್ಲಾಗ್ಲಾ ಕೆರೆ?" ಎಂದು ಮುಂದೆ ನಡೆದರು.

ಕೆರೆ ನಾನು ಎಣಿಸಿದ್ದಕ್ಕಿಂತ ಚಿಕ್ಕದು. ಅದರಲ್ಲಿ ಏಳು ಆನೆಗಳಿದ್ದವು. ಅವು ಅವಸರದಲ್ಲಿರಲಿಲ್ಲ. ಗಾಳಿಗೆ ಎದುರಾಗಿ, ಬಂಡೆಯ ಹಿಂದೆ ಮುಕ್ಕಾಲು ಗಂಟೆ ಕೂತೆವು. ಅವು ಹೋದ ಮೇಲೆ ಅತ್ತೆ ಕದಡದ ಅಂಚಿಗೆ ಹೋಗಿ ಮಿಂದು, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತರು. ಮುಗಿಸಿ ಬೊಗಸೆ ನೀರು ಕುಡಿದರು.

"ಆನೆ ಬಾಯಾಕಿದ ನೀರು ಆಗುತ್ತಾ ಅತ್ತೆ?"

"ಆನೆ ಬಿ.ಎ. ಓದಿಲ್ಲ ಕಣೆ."

ಮನೆಗೆ ಬಂದ ಮೇಲೆ, ಒಬ್ಬಳನ್ನೇ ಕಳಿಸಬಹುದಾ ಎಂದು ಅಪ್ಪ ಕೇಳಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ.

"ಸುಳ್ಳೇಳ್ತಾಳೆ, ಅರ್ಧ ಬೆಟ್ಟ ಅತ್ತೋಗಂಟ," ಎಂದರು ಅತ್ತೆ. "ಆಮೇಲೆ ಯಾರೂ ಕೇಳ್ದಿದ್ರೂ ಒಪ್ಕತಾಳೆ. ಓಗ್ಲಿ ಬುಡು."

ಹೀಗೆ ನಾನು ಇಲ್ಲಿಗೆ ಬಂದೆ. ಭಾನುವಾರ ಗುಡ್ಡಗಳ ಕಡೆ ನಡೆಯಲು ಹೊರಟಾಗ ಶಾಲೆಯ ಗೆಳತಿಯರು ಎಷ್ಟು ದೂರ ಎಂದು ಕೇಳುತ್ತಾರೆ. ಇರುವಷ್ಟೇ ಹೇಳುತ್ತೇನೆ. ಆದ್ದರಿಂದ ಸಾಮಾನ್ಯವಾಗಿ ಒಬ್ಬಳೇ ಹೋಗುತ್ತೇನೆ.