ಗಂಧ ಹಚ್ಚಿದ ಕ್ಯಾಸೆಟ್ಟು

ತಾತನ ಗಂಟಲಿನ ಆಪರೇಷನ್ನಿಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ದಿನ ಗೊತ್ತಾದ ಕೂಡಲೇ ಹೊಸೂರಿನ ನಮ್ಮ ಮನೆಯಲ್ಲಿ ಒಂದು ವಾದ ಶುರುವಾಯಿತು. ಅದರಲ್ಲಿ ನಾನು ಸೋತೆ. ಕೃಷ್ಣಗಿರಿಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಬಹುಮಾನಗಳನ್ನು ಬಾಚಿಕೊಂಡು ಬರುತ್ತಿದ್ದವನು ಸ್ವಂತ ಮನೆಯ ಜಗಲಿಯಲ್ಲಿ ಸೋತೆ. ಸೋತದ್ದಕ್ಕಲ್ಲ, ನಾನು ಹೇಳಿದ್ದೇ ಸರಿಯಾಗಿತ್ತಲ್ಲ, ಅದಕ್ಕೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ತಾತ ಉದ್ದನಪಲ್ಲಿಯವರು. ನಮ್ಮ ಕಡೆ ಹಳ್ಳಿಗಳಲ್ಲಿ ಆಡುವ ಕೇಳಿಕೆ ಎಂಬ ಬಯಲು ನಾಟಕಗಳಿಗೆ ಹಾಡು ಕಟ್ಟುತ್ತಿದ್ದರು. ಕಟ್ಟಿದ್ದೆಲ್ಲ ತಲೆಯಲ್ಲೇ, ಒಂದಕ್ಷರ ಬರೆದಿಟ್ಟವರಲ್ಲ. ಆಪರೇಷನ್ ಆದಮೇಲೆ ದನಿ ಉಳಿಯುವುದು ಅನುಮಾನ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಷ್ಟರೊಳಗೆ ಆ ಹಾಡುಗಳನ್ನು ಯಾವುದರಲ್ಲಿ ಹಿಡಿದಿಡುವುದು? ವಾದ ಇದ್ದದ್ದು ಇಷ್ಟಕ್ಕೇ.

ಫ್ಯಾಕ್ಟರಿಯಲ್ಲಿ ಲೇತ್ ಯಂತ್ರ ನಡೆಸುತ್ತಿದ್ದ ಚಿಕ್ಕಪ್ಪ ರೇಡಿಯೋ, ಟೇಪ್‌ರೆಕಾರ್ಡರ್ ಎರಡೂ ಸೇರಿದ ಟೂ-ಇನ್-ಒನ್ ಹೊಸದಾಗಿ ತಂದಿದ್ದ.

"ಕ್ಯಾಸೆಟ್ಟು ಕಣ್ಲಾ. ಪೇಪರ್ ಆದ್ರೆ ಗೆದ್ದಲು ತಿಂತದೆ. ಇದು ನೂರು ವರ್ಷ ಇರ್ತದೆ."

"ಕ್ಯಾಸೆಟ್ಟು ಹುಟ್ಟಿ ನೂರು ವರ್ಷ ಆಯ್ತಾ ಚಿಕ್ಕಪ್ಪ? ಇದ್ದಿದ್ದು ನೋಡ್ದೋರು ಯಾರು?"

"ಬಂದ್ಬುಟ್ಟ ನೋಡು, ಲಾಯರ್ರು."

ಕ್ಯಾಸೆಟ್ಟು ಬೇಡ ಎಂದು ನಾನು ಹೇಳಲಿಲ್ಲ. ಹಾಡಿಸೋಣ, ಜೊತೆಗೆ ಬರೆದೂ ಇಡೋಣ, ಎರಡರದ್ದೂ ಒಂದೊಂದು ಪ್ರತಿ ಮಾಡಿ ಬೇರಿಕೆಯ ಅತ್ತೆ ಮನೆಯಲ್ಲಿಡೋಣ ಎಂದೆ. ಒಂದೇ ವಸ್ತುವನ್ನು ನಂಬಿ ಕೂರುವುದು ಜೂಜು ಎಂದೆ. ಆಗ ಚಿಕ್ಕಪ್ಪ ಒಂದು ಮಾತು ಎಸೆದ.

"ಕನ್ನಡದಾಗೆ ಬರ್ದಿಟ್ರೆ ನಾಳೆ ಓದೋರು ಯಾರ್ಲಾ? ನಿನ್ ತಂಗೀರು, ನನ್ ಮಕ್ಳು, ಎಲ್ಲಾ ತಮಿಳ್ ಮೀಡಿಯಂ. ಕಿವಿ ಎಲ್ರಿಗೂ ಐತಲ್ಲ?"

ಅದು ಒಳ್ಳೆಯ ಏಟು. ಉತ್ತರ ಹುಡುಕುವಷ್ಟರಲ್ಲಿ ಮನೆಯವರೆಲ್ಲ ನಕ್ಕಿದ್ದರು, ಕ್ಯಾಸೆಟ್ಟೇ ಗೆದ್ದಾಗಿತ್ತು. ಓದುವವರು ಇಲ್ಲವೆಂದರೆ ಓದಲು ಕಲಿಸಬೇಕು, ಬರೆಯುವುದನ್ನು ಬಿಡುವುದಲ್ಲ ಎಂಬ ಉತ್ತರ ಕೃಷ್ಣಗಿರಿ ಬಸ್ಸಿನಲ್ಲಿ ಹೊಳೆಯಿತು. ಬಸ್ಸಿನಲ್ಲಿ ಹೊಳೆದದ್ದಕ್ಕೆ ಯಾರೂ ಅಂಕ ಕೊಡುವುದಿಲ್ಲ.

ತಾತ ಹಾಡಿದರು. ಒಂದೇ ಕ್ಯಾಸೆಟ್ಟಿನ ಎರಡೂ ಕಡೆ ತುಂಬಿತು. ಮೇಲೆ ಯಾರೂ ಸಿನಿಮಾ ಹಾಡು ತುಂಬಿಸದಿರಲೆಂದು ಚಿಕ್ಕಪ್ಪ ಅದರ ಬೆನ್ನಿನ ಪ್ಲಾಸ್ಟಿಕ್ ಚೂರುಗಳನ್ನು ಸ್ಕ್ರೂಡ್ರೈವರಿನಿಂದ ಮುರಿದ. "ಇನ್ ಯಾರಪ್ಪನ್ ಕೈಲೂ ಅಳ್ಸಕ್ಕಾಗಲ್ಲ" ಎಂದ. ಬೆಲೆಬಾಳುವುದನ್ನೆಲ್ಲ ಇಡುವ ಹಾಗೆ ಅದನ್ನೂ ದೇವರ ಗೂಡಿನಲ್ಲಿಟ್ಟರು. ಆಪರೇಷನ್ ಆಯಿತು. ತಾತನಿಗೆ ಪಿಸುಮಾತು ಮಾತ್ರ ಉಳಿಯಿತು.

ಆಯುಧಪೂಜೆಗೆ ನಾನು ಊರಿನಲ್ಲಿರಲಿಲ್ಲ. ಮರುದಿನ ಬಂದು ನೋಡಿದರೆ ಸ್ಪ್ಯಾನರು, ಸೈಕಲ್ಲು, ಟೂ-ಇನ್-ಒನ್, ಎಲ್ಲಕ್ಕೂ ಗಂಧ, ಕುಂಕುಮ. ಸಾಲಿನ ಕೊನೆಯಲ್ಲಿ ಕ್ಯಾಸೆಟ್ಟು. ಅದರ ಎರಡು ತೂತುಗಳೂ ನಡುವಿನ ಕಿಂಡಿಯೂ ಒಣಗಿದ ಗಂಧದಲ್ಲಿ ಮುಚ್ಚಿಹೋಗಿದ್ದವು.

"ಎರಡು ಕಣ್ಣಿದ್ದಂಗೆ ಕಾಣ್ತಿತ್ತಲ್ಲಪ್ಪ, ಅದ್ಕೆ ಮಧ್ಯದಾಗೆ ಬೊಟ್ಟಿಟ್ಟೆ" ಎಂದಳು ಚಿಕ್ಕಮ್ಮ. "ಮಾವನ ದನಿ ಅಲ್ವಾ, ದಪ್ಪನಾಗೇ ಹಚ್ಚಿದೀನಿ."

ನಾನು ತಡೆಯುವ ಮೊದಲೇ ಚಿಕ್ಕಪ್ಪ ಪಂಚೆಯ ತುದಿಯಲ್ಲಿ ಒರೆಸಿ ಅದನ್ನು ಯಂತ್ರಕ್ಕೆ ಹಾಕಿದ. ತಾತನ ದನಿ ಅರ್ಧ ಸಾಲು ಬಂತು, ಎಳೆಯಿತು, ಗೊರಗುಟ್ಟಿತು. ಮುಚ್ಚಳ ತೆಗೆದರೆ ಟೇಪು ಕುರಿ ಕರುಳಿನ ಹಾಗೆ ಸುತ್ತಿಕೊಂಡಿತ್ತು. ಬಿಡಿಸಲು ಎಳೆದ, ಹರಿಯಿತು. ಉಳಿದದ್ದಕ್ಕೂ ಗಂಧದ ನೀರು ಇಳಿದು ಸುರುಳಿಗೆ ಸುರುಳಿ ಅಂಟಿತ್ತು.

"ಲೇತಿಗೇ ಹಚ್ತೀವಿ, ಏನೂ ಆಗಲ್ಲ" ಎಂದ ಚಿಕ್ಕಪ್ಪ, ಯಾರೂ ಕೇಳದಿದ್ದರೂ.

"ಲೇತು ಹಾಡ್ತದಾ ಚಿಕ್ಕಪ್ಪ?"

ಅವನು ಹರಿದ ಟೇಪನ್ನು ಬೆರಳಿಗೆ ಸುತ್ತತೊಡಗಿದ. ಆ ಮನೆಯಲ್ಲಿ ನಾನು ವಾದವೊಂದನ್ನು ಗೆದ್ದದ್ದು ಅದೇ ಮೊದಲು, ಮತ್ತು ಅಂಥ ಗೆಲುವು ಯಾವ ನಾಯಿಗೆ ಬೇಕು? ಗೆದ್ದಲಿನಿಂದ ಕಾಪಾಡಿದ್ದಾಯಿತು, ಸಿನಿಮಾ ಹಾಡಿನಿಂದ ಕಾಪಾಡಿದ್ದಾಯಿತು. ನಮ್ಮ ಭಕ್ತಿಯಿಂದ ಕಾಪಾಡಬೇಕೆಂದು ಯಾರಿಗೂ, ಅಷ್ಟೆಲ್ಲ ಬಾಯಿ ಮಾಡಿದ ನನಗೂ, ಹೊಳೆಯಲಿಲ್ಲ.

ಆ ರಜೆಯಿಂದ ತಾತನ ಮಂಚದ ಬದಿಯಲ್ಲಿ ಕೂತು ಬರೆಯತೊಡಗಿದೆ. ಅವರು ಪಿಸುಗುಟ್ಟುವರು, ಬೆರಳಿನಿಂದ ಮಂಚದ ಪಟ್ಟಿಗೆ ತಾಳ ಹಾಕುವರು. ಕಾರ್ಬನ್ ಇಟ್ಟು ಬರೆದು ಒಂದು ಪ್ರತಿಯನ್ನು ಬೇರಿಕೆಗೆ ಕಳಿಸಿದೆ. ಪದಗಳು ಸಿಕ್ಕವು. ಧಾಟಿ ಸಿಗಲಿಲ್ಲ. ಪಿಸುಮಾತಿಗೆ ಏರಿಳಿತ ಎಲ್ಲಿಂದ ಬರಬೇಕು? ಒಂದು ಹಾಡಿನ ಕೊನೆಯಲ್ಲಿ ಅವರು ಕೈಯನ್ನು ಮೇಲಕ್ಕೆತ್ತಿ ನಿಲ್ಲಿಸಿದರು. ಅಲ್ಲಿ ದನಿ ಏರುತ್ತದೆ ಎಂದು ಗೊತ್ತಾಯಿತು. ಎಷ್ಟು ಎಂದು ಗೊತ್ತಾಗಲಿಲ್ಲ.

ಮುಂದಿನ ವರ್ಷದ ಪೂಜೆಯ ದಿನ ಚಿಕ್ಕಮ್ಮ ಗಂಧದ ಬಟ್ಟಲು ಹಿಡಿದು ಬಂದಳು.

"ಆ ಪೇಪರ್ನೂ ಸರಸ್ವತಿ ಮುಂದೆ ಇಡಪ್ಪ. ಎಲ್ರ ಪುಸ್ತಕಾನೂ ಇಟ್ಟಿದೀವಿ."

"ಇಡಲ್ಲ."

"ಇಡ್ದಿದ್ರೆ ಆಯಮ್ಮ ಕೋಪ ಮಾಡ್ಕೋತಾಳೆ ಕಣಪ್ಪ."

"ಮಾಡ್ಕೊಳ್ಲಿ. ನಂಗೂ ಕೋಪ ಐತೆ."

ಚಿಕ್ಕಮ್ಮ ನ್ಯಾಯ ಕೇಳುವವಳಂತೆ ತಾತನ ಕಡೆ ತಿರುಗಿದಳು. ತಾತ ಕೈ ಚಾಚಿ ನನ್ನಿಂದ ಹಾಳೆಗಳನ್ನು ಇಸಿದುಕೊಂಡರು, ತಮ್ಮ ದಿಂಬಿನ ಕೆಳಗೆ ತಳ್ಳಿದರು, ಅದರ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿಕೊಂಡರು.